ಗಂಗಿಯ ಕೊರಳ ಪಟ್ಟಿ

ಗವಿಗುಟ್ಟದ ನೆತ್ತಿಗೆ ಇನ್ನೂ ಬಿಸಿಲು ಮುಟ್ಟಿಲ್ಲ. ಬುಡದ ಮಾವಿನ ತೋಪಿನಲ್ಲಿ ಗಂಗುಲಪ್ಪ ಆಗಲೇ ಎದ್ದು ನಿಂತಿದ್ದಾರೆ. ಹೆಗಲ ಮೇಲೆ ಕಂಬಳಿ, ಎರಡೂ ಕಿವಿಗೆ ಕಪ್ಪು ಬಟ್ಟಲಿನಂಥ ಹೆಡ್‌ಫೋನು, ಎದೆಗೆ ತೂಗುಬಿದ್ದ ತಗಡಿನ ಪೆಟ್ಟಿಗೆ. ಬಲಗೈಯಲ್ಲೊಂದು ಆಂಟೆನಾ, ಮೀನು ತಿಂದು ಬಿಸಾಡಿದ ಮುಳ್ಳಿನ ಹಾಗೆ. ಅದನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಲ್ಲೇ ಮೆಲ್ಲಗೆ ತಿರುಗುತ್ತಾರೆ. ಮುಳಬಾಗಿಲಿನ ದಿಕ್ಕಿಗೆ ಏನೂ ಇಲ್ಲ. ಕೆರೆಯ ಕಡೆಗೂ ಇಲ್ಲ. ಬೆಟ್ಟದ ಎಡಮಗ್ಗುಲಿಗೆ ಹೊರಳಿದಾಗ ಮುಖ ಬದಲಾಗುತ್ತದೆ. ಉಸಿರು ಹಿಡಿದು ಕೇಳುತ್ತಾರೆ.

“ಅವ್ಳೆ. ಬದ್ಕವ್ಳೆ,” ಎನ್ನುತ್ತಾರೆ.

ಪೆಟ್ಟಿಗೆಯೊಳಗೆ ಕೇಳಿಸುವುದು ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುವಂಥ ಸದ್ದು. ಬೆಟ್ಟದಲ್ಲಿ ಗಂಗಿ ಎಂಬ ಹೆಣ್ಣು ಕೋತಿಯೊಂದಿದೆ. ಅದರ ಕೊರಳಿಗೆ ಒಂದು ಪಟ್ಟಿ, ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ರೇಡಿಯೋ. ಕೋತಿ ಎಲ್ಲಿ ಹೋದರೂ ಅದು ಲೊಚಗುಟ್ಟುತ್ತಲೇ ಇರುತ್ತದೆ. ಪಟ್ಟಿ ಕಟ್ಟಿದಾಗ ಗಂಗಿ ಇನ್ನೂ ಬೆಳೆಯುವ ವಯಸ್ಸಿನ ಮರಿ. ಈಗ ಅದು ಮರಿ ಹಾಕಿದ ತಾಯಿ. ಕೊರಳು ದಪ್ಪವಾಗಿದೆ, ಪಟ್ಟಿ ಅಷ್ಟೇ ಇದೆ. ನುಂಗಲಾರದೆ, ಕೆಮ್ಮಿ ಕೆಮ್ಮಿ ಗಂಗಿ ಸೊರಗುತ್ತಿದೆ. ಪಟ್ಟಿಯೊಳಗಿನ ಬ್ಯಾಟರಿಯೂ ಮುಗಿಯುತ್ತಾ ಬಂದಿದೆ. ಅದು ನಿಂತ ದಿನ ಈ ಬಂಡೆಗಳ ಕಾಡಿನಲ್ಲಿ ಗಂಗಿಯನ್ನು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಅಷ್ಟರೊಳಗೆ ಪಟ್ಟಿ ಬಿಚ್ಚಬೇಕು. ಎಂಬತ್ತಮೂರನೇ ಇಸವಿಯ ಈ ಮೇ ತಿಂಗಳಿನಲ್ಲಿ ಗಂಗುಲಪ್ಪನವರಿಗೆ ಇರುವ ಕೆಲಸ ಅದೊಂದೇ. ಅವರಿಗೆ ಈ ಕೆಲಸ ಯಾರೂ ಹೇಳಿಲ್ಲ, ಹೇಳಬೇಕಾದವರು ಊರು ಬಿಟ್ಟು ಹೋಗಿ ತಿಂಗಳುಗಳೇ ಆದವು.

ತೋಪಿಗೆ ಕಾಯಿ ಕೀಳಲು ಬರುವ ಆಳುಗಳು ಹಾದುಹೋಗುವಾಗ ಸುಮ್ಮನೆ ಹೋಗುವುದಿಲ್ಲ.

“ಏನ್ ಮಾವ, ಚಿತ್ರಗೀತೆ ಬರ್ತೈತಾ?”

“ಬರಲ್ಲ ಕಣೋ. ನಿಮ್ಮತ್ತೆ ಬೈಗುಳ ಒಂದೇ ಬರೋದು. ಬೇಕಾ?”

“ಅಯ್ಯೋ ಬ್ಯಾಡ ಮಾವ, ಅದು ನಮ್ಮನೇಲೂ ಬರ್ತೈತೆ.”

ಆಳುಗಳು ನಗುತ್ತಾ ಹೋಗುತ್ತಾರೆ. ಗಂಗುಲಪ್ಪನವರೂ ನಗುತ್ತಾರೆ, ಆದರೆ ಆಂಟೆನಾದ ಮುಳ್ಳನ್ನು ಕೆಳಗಿಳಿಸುವುದಿಲ್ಲ.

ಶ್ರೀನಿವಾಸಪುರದಿಂದ ಮುಳಬಾಗಿಲ ಕಡೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಳಕ್ಕೆ ನಡೆದರೆ ಸಿಗುವ ಗವಿಗುಟ್ಟಪಲ್ಲಿ ಇವರ ಊರು. ವಯಸ್ಸು ಐವತ್ತು ದಾಟಿದೆ, ಎಷ್ಟು ದಾಟಿದೆಯೋ ಅವರಿಗೂ ಗೊತ್ತಿಲ್ಲ. ಮಾವು ಕಾಯಿ ಕಟ್ಟಿದಾಗಿನಿಂದ ಕೊಯ್ಲು ಮುಗಿಯುವವರೆಗೆ ಕೋದಂಡರಾಮಪ್ಪ ಎಂಬ ಸಾಹುಕಾರರ ತೋಪಿನಲ್ಲಿ ಕೋತಿ ಓಡಿಸುವುದು ಕಸುಬು. ಉಳಿದ ಕಾಲದಲ್ಲಿ ರಾಗಿ ಹೊಲ, ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿ. ಕೋತಿಗಳ ಪಾಲಿಗೆ ಇವರು ಶನಿ. ದೂರದಿಂದ ಇವರ ತಲೆ ಕಂಡರೆ ಸಾಕು, ಹಿಂಡಿಗೆ ಹಿಂಡೇ ಮರ ಬಿಟ್ಟು ಬಂಡೆ ಹತ್ತುತ್ತದೆ. ಅಂಥವರ ಕೈಗೆ ರೇಡಿಯೋ ಬಂದದ್ದು ಕೊಂಡಮನಿಷಿಯ ದೆಸೆಯಿಂದ.

ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ತೋತಾಪುರಿ ಮಾವು ತುಂಬಿಕೊಂಡು ಹೋಗುತ್ತಿದ್ದ ಲಾರಿಯ ಡ್ರೈವರ್ ಒಬ್ಬ ಬೆಟ್ಟದ ಬಂಡೆಯ ಮೇಲೆ ಏನೋ ನಿಂತಿದ್ದನ್ನು ನೋಡಿದ. ಆಳುದ್ದ, ಮೈತುಂಬ ಕೂದಲು, ಎರಡೇ ಕಾಲಿನ ಮೇಲೆ ನಿಂತಿತ್ತಂತೆ. ಆಮೇಲೆ ಸೌದೆಗೆ ಹೋದ ಹೆಂಗಸರಿಗೂ ಕಂಡಿತು. ಕೆರೆಯಂಗಳದ ಕೆಸರಿನಲ್ಲಿ ಹೆಜ್ಜೆ ಮೂಡಿತು. ಕರಡಿ ಎಂದರು ಕೆಲವರು. ಕರಡಿ ಹಾಗೆ ನಡೆಯುತ್ತದೆಯೇ ಎಂದರು ಇನ್ನು ಕೆಲವರು. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಊರು ಅದಕ್ಕೆ ‘ಕೊಂಡಮನಿಷಿ’ ಎಂದು ಹೆಸರಿಟ್ಟಿತು, ಬೆಟ್ಟದ ಮನುಷ್ಯ. ಸುದ್ದಿ ಪತ್ರಿಕೆಗೆ ಹೋಯಿತು. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನಿಂದ ಎರಡು ಜೀಪು ಬಂದವು. ಪ್ರಾಣಿಗಳ ಸಂಶೋಧನೆ ಮಾಡುವ ಒಬ್ಬರು ಡಾಕ್ಟರು, ಅವರ ಕೈಕೆಳಗೆ ಓದುವ ಹುಡುಗರು, ಡೇರೆ, ಕ್ಯಾಮೆರಾ, ಟಿನ್ನುಗಟ್ಟಲೆ ಬಿಸ್ಕತ್ತು. ಈ ಊರಿಗೆ ಕರೆಂಟಿನ ಕಂಬ ಬರಲು ಅರ್ಜಿ ಹಾಕಿ ಹಾಕಿ ಜನ ಮುದುಕರಾಗಿದ್ದರು. ಇದೆಯೋ ಇಲ್ಲವೋ ಗೊತ್ತಿಲ್ಲದ ಒಂದು ಪ್ರಾಣಿಗೆ ಮಾತ್ರ ಜೀಪು ಅಷ್ಟು ಬೇಗ ಬಂತು.

ಡಾಕ್ಟರ ಲೆಕ್ಕಾಚಾರ ಹೀಗಿತ್ತು: ಕೊಂಡಮನಿಷಿ ಕಂಡಲ್ಲೆಲ್ಲ ಪಕ್ಕದಲ್ಲಿ ಕೋತಿಗಳ ಹಿಂಡು ಇತ್ತೆಂದು ಜನ ಹೇಳುತ್ತಾರೆ. ಅದು ಹಿಂಡಿನ ಜೊತೆಗೇ ಅಲೆಯುತ್ತಿರಬೇಕು. ಹಿಂಡಿನ ಒಂದು ಕೋತಿಗೆ ರೇಡಿಯೋ ಕಟ್ಟಿದರೆ, ಯಾವ ಗವಿ ಹೊಕ್ಕರೂ ಬೆಳಗಾಗುವಷ್ಟರಲ್ಲಿ ಹಿಂಡು ಸಿಗುತ್ತದೆ, ಹಿಂಡಿನ ಹಿಂದೆ ಅದೂ ಸಿಗುತ್ತದೆ. ದೊಡ್ಡ ಗಂಡು ಕೋತಿಯೊಂದಕ್ಕೆ ಕಟ್ಟಬೇಕೆಂದು ಹೊರಟರು.

ಊರು ಎದ್ದು ನಿಂತಿದ್ದು ಆಗ. ಊರಿನ ಹಿರಿಯರು ವೆಂಕಟರಾಯಪ್ಪನವರು, ಆಂಜನೇಯನ ಗುಡಿಯ ಉಸ್ತುವಾರಿಯೂ ಅವರದೇ. “ಗಂಡು ಕೋತಿ ಅಂದ್ರೆ ಸ್ವಾಮಿ. ಸ್ವಾಮಿ ಕತ್ತಿಗೆ ನಾಯಿಗೆ ಕಟ್ದಂಗೆ ಪಟ್ಟಿ ಕಟ್ಟಿದ್ರೆ ಊರಿಗೆ ಒಳ್ಳೇದಾಗಲ್ಲ,” ಎಂದು ಅಡ್ಡ ನಿಂತರು. ಕಡೆಗೆ ಅವರೇ ದಾರಿ ತೋರಿಸಿದರು: “ಹೆಣ್ಣಿಗೆ ಕಟ್ಕೊಳ್ಳಿ. ಅದಕ್ಕೇನೂ ದೋಷ ಇಲ್ಲ.”

ಡಾಕ್ಟರು ಒಪ್ಪಿದರು. ಬೋನು ಇಟ್ಟು ಹಿಡಿದುಕೊಡಲು ಗಂಗುಲಪ್ಪನವರನ್ನು ಕರೆದರು. ಹಲಸಿನ ತೊಳೆಯ ಆಸೆಗೆ ಬೋನಿಗೆ ಬಿದ್ದದ್ದು ಗಂಗಿ. ಬಲಿತ ಹೆಣ್ಣುಗಳು ಬೋನಿನ ಹತ್ತಿರಕ್ಕೂ ಸುಳಿಯಲಿಲ್ಲ. ಬೆಳೆದು ನಿಂತ ಗಂಡಿಗೆ ಕಟ್ಟಿದ್ದರೆ ಪಟ್ಟಿ ಬಿಗಿಯುವ ಮಾತೇ ಇರಲಿಲ್ಲ. ದೋಷ ತಪ್ಪಿಸಲು ಹೋದ ಊರು ಆ ಮರಿಯ ಕೊರಳನ್ನು ತೋರಿಸಿಕೊಟ್ಟಿತು. ಅದು ಬೆಳೆಯುತ್ತದೆಂದು ಡಾಕ್ಟರಿಗೆ ತೋಚಲಿಲ್ಲವೆಂದರೆ ಯಾರು ನಂಬುತ್ತಾರೆ? ಮಳೆಗಾಲದೊಳಗೆ ಕೊಂಡಮನಿಷಿ ಸಿಕ್ಕೇ ಸಿಗುತ್ತದೆ, ಆಮೇಲೆ ಬಿಚ್ಚಿದರಾಯಿತು ಎಂದುಕೊಂಡರು.

“ನಾನೇ ಹಿಡ್ಕೊಂಡಿದ್ದೆ ಸ್ವಾಮಿ, ಅವರು ನಟ್ಟು ಬಿಗಿದ್ರು,” ಎನ್ನುತ್ತಾರೆ ಗಂಗುಲಪ್ಪ. “ಗೋಣಿ ಒಳಗೆ ನನ್ನ ಬೆರಳು ಹಿಡ್ಕೊಂಡು ನಡುಗ್ತಿತ್ತು. ಕೂಸು ಹಿಡ್ಕೊಳ್ಳಲ್ವಾ, ಹಂಗೆ.”

ಅಂದಿನಿಂದ ಅವರು ಆ ತಂಡದ ಆಳು. ಮೂಡಲ ಕೆಂಪಾಗುವ ಮೊದಲೇ ಹಿಂಡಿನ ಜಾಡು ಹಿಡಿದುಕೊಡುವುದು ಕೆಲಸ. ಈ ಬೆಟ್ಟದಲ್ಲಿ ಅದು ಸುಲಭವಲ್ಲ. ಸದ್ದು ಬಂಡೆಗೆ ಬಡಿದು ಹಿಂದಕ್ಕೆ ಬರುತ್ತದೆ; ಕೋತಿ ಎಡಕ್ಕಿದ್ದರೆ ಪೆಟ್ಟಿಗೆ ಬಲಕ್ಕಿದೆ ಎನ್ನುತ್ತದೆ. ಅದನ್ನು ನಂಬಿ ಅವರು ಎಷ್ಟೋ ಸಲ ತಪ್ಪು ಬಂಡೆಗುಂಡು ಹತ್ತಿದ್ದಾರೆ. ಒಮ್ಮೆ ಕರಡಿಯ ಗವಿಯ ಬಾಯಿಗೇ ಹೋಗಿ ನಿಂತಿದ್ದಾರೆ. ಕೆಳಗೆ ಬಿದ್ದು ಮೊಣಕಾಲಿನ ಚಿಪ್ಪು ಸರಿದು, ಈಗಲೂ ಇಳಿಯುವಾಗ ಕಾಲು ಎಳೆಯುತ್ತದೆ. ಎರಡು ಬೇಸಿಗೆ ಕಳೆದರೂ ಕೊಂಡಮನಿಷಿಯ ಒಂದು ಕೂದಲೂ ಸಿಗಲಿಲ್ಲ. ಕ್ಯಾಮೆರಾದಲ್ಲಿ ಬಿದ್ದದ್ದು ಕೋತಿ, ಕರಡಿ, ಮತ್ತೆ ಚೊಂಬು ಹಿಡಿದು ಬೆಟ್ಟದ ಕಡೆ ಹೋದ ಊರಿನ ಗಂಡಸರು.

ಹೋದ ವರ್ಷ ಮಳೆ ಹಿಡಿದ ಮೇಲೆ ಒಂದು ದಿನ ಡೇರೆ ಕಿತ್ತರು. ನಂಬರು ತಿರುಗಿಸುವ ಗುಬುಟು ಮುರಿದು ಒಂದೇ ನಂಬರಿನ ಮೇಲೆ ನಿಂತುಬಿಟ್ಟಿದ್ದ ಪೆಟ್ಟಿಗೆಯನ್ನು ಮಾತ್ರ ಬಿಟ್ಟು ಹೋದರು. ಆ ನಂಬರು ಗಂಗಿಯದು.

“ಅಣ್ಣಾ, ಪಟ್ಟಿ?” ಎಂದು ಗಂಗುಲಪ್ಪ ಜೀಪಿನ ಪಕ್ಕ ಓಡುತ್ತಲೇ ಕೇಳಿದರಂತೆ.

“ತಾನೇ ಬಿದ್ದೋಗುತ್ತೆ ಬಿಡಪ್ಪ, ಬೆಲ್ಟು ಕೊಳೆಯುತ್ತೆ,” ಎಂದು ಒಳಗಿನಿಂದ ಒಬ್ಬ ಹೇಳಿದ.

ಅದು ಮಿಷನ್ನಿಗೆ ಹಾಕುವ ಬೆಲ್ಟು. ಕೊಳೆಯಲಿಲ್ಲ.

ಸಂಕ್ರಾಂತಿಯ ಸುಮಾರಿಗೆ ಗಂಗಿ ಮರಿ ಹಾಕಿತು. ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಬಂಡೆಯ ಮೇಲೆ ಕೂತಾಗಲೇ ಗಂಗುಲಪ್ಪನವರಿಗೆ ಅದರ ಕೊರಳು ಕಂಡದ್ದು. ಪಟ್ಟಿ ಕೂದಲೊಳಗೆ ಹೂತುಹೋಗಿತ್ತು. ಮತ್ತೆ ಬೋನು ಇಟ್ಟರು. ಹಲಸು ಇಟ್ಟರು, ಬಾಳೆ ಇಟ್ಟರು, ಬೆಲ್ಲ ಇಟ್ಟರು. ಹಿಂಡಿನ ಬೇರೆ ಮರಿಗಳು ಬಂದು ಬಿದ್ದವು, ಗಂಗಿ ದೂರದಲ್ಲೇ ಕೂತು ನೋಡುತ್ತಿತ್ತು. ಒಮ್ಮೆ ಸಿಕ್ಕಿಬಿದ್ದಿದ್ದ ಬೋನನ್ನು ಅದು ಮರೆತಿರಲಿಲ್ಲ.

ಆಗ ಬೆಂಗಳೂರಿಗೆ ಹೋದರು. ಡಾಕ್ಟರು ಊರಲ್ಲಿರಲಿಲ್ಲ. ಅವರ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದ ಗುಮಾಸ್ತನೊಬ್ಬ ಇವರನ್ನು ನಿಲ್ಲಿಸಿಕೊಂಡೇ ಮಾತಾಡಿದ.

“ಆ ಕೆಲ್ಸ ಮುಗೀತಲ್ಲಪ್ಪ. ಏನೂ ಸಿಗಲಿಲ್ಲ ಅಂತ ಆಯ್ತಲ್ಲ.”

“ಏನೂ ಸಿಗಲಿಲ್ಲ ಅಂದ್ರೆ ಹೆಂಗೆ ಸ್ವಾಮಿ? ಗಂಗಿ ಸಿಕ್ಕಿದ್ಲಲ್ಲ.”

“ಯಾರು ಗಂಗಿ?”

“ಕೋತಿ.”

ಗುಮಾಸ್ತ ಪಕ್ಕದವನ ಕಡೆ ನೋಡಿ ನಕ್ಕ. “ಕೋತಿ ಎಲ್ಲಾ ಕಡೆ ಸಿಗುತ್ತೆ ಕಣಯ್ಯ. ಹೋಗು, ಊರಿಗೆ ಹೋಗು.”

ಇಲ್ಲದ ಪ್ರಾಣಿಯೊಂದಕ್ಕೆ ವಿಮಾನದಲ್ಲಿ ಸಾಮಾನು ತರಿಸಿದವರಿಗೆ ಇರುವ ಪ್ರಾಣಿಯ ಕೊರಳಿನ ಒಂದು ನಟ್ಟು ಬಿಚ್ಚುವಷ್ಟು ಪುರುಸೊತ್ತಿರಲಿಲ್ಲ. ಗಂಗುಲಪ್ಪ ಬರುವಾಗ ಮಾಲೂರಿನಲ್ಲಿ ಇಳಿದರು. ಸ್ಟೇಷನ್ನಿನ ಹತ್ತಿರ ಮುನಿಶಾಮಿ ಎಂಬ ರೇಡಿಯೋ ರಿಪೇರಿಯವರ ಅಂಗಡಿ ಇದೆ. ಪೆಟ್ಟಿಗೆಯ ಸದ್ದು ಕುಗ್ಗುತ್ತಾ ಬಂದಿದೆಯೆಂದು ತೋರಿಸಿದರು. ಮನೆಯಲ್ಲಿ ಟಾರ್ಚಿನ ಸೆಲ್ಲು ಸೋತರೆ ಎಲ್ಲರೂ ಬಿಸಿಲಿಗೆ ಇಡುತ್ತಾರೆ, ಇವರೂ ಪೆಟ್ಟಿಗೆಯ ಸೆಲ್ಲುಗಳನ್ನು ಹಾಗೆಯೇ ಒಣಗಿಸಿ ಒಣಗಿಸಿ ದಿನ ದೂಡುತ್ತಿದ್ದರು. ಮುನಿಶಾಮಿ ಎಲ್ಲ ಬಿಚ್ಚಿ ನೋಡಿ, ಬೆಸುಗೆ ಹಾಕಿ, ಹೊಸ ಸೆಲ್ಲು ತುಂಬಿಕೊಟ್ಟರು.

“ಅಣ್ಣಾ, ಪೆಟ್ಟಿಗೆ ಚೆನ್ನಾಗೈತೆ,” ಎಂದರು. “ಸೋತಿರೋದು ಅದರ ಕತ್ತಲ್ಲಿರೋದು. ಅದನ್ನ ಬಿಸಿಲಿಗೆ ಇಡೋಕಾಗಲ್ವಲ್ಲ.” ಆಮೇಲೆ ಒಂದು ಪುಟ್ಟ ಸ್ಪ್ಯಾನರು ಹುಡುಕಿ ಕೈಗಿಟ್ಟರು. “ನಟ್ಟಿಗೆ ಇದು ಕೂತ್ಕೊಳ್ತೈತೆ. ಹುಷಾರು, ಕಚ್ಚಿಸ್ಕೊಬೇಡ.”

ಸ್ಪ್ಯಾನರು ಸಿಕ್ಕಿತು. ಗಂಗಿಯ ಹತ್ತಿರ ಹೋಗುವುದು ಹೇಗೆ? ಇವರ ತಲೆ ಕಂಡರೆ ಹಿಂಡು ಓಡುತ್ತದೆ. ಒಂದು ಸಂಜೆ ರಾಗಿಮುದ್ದೆಯ ಮುಂದೆ ಕೂತು ಊಟ ಮಾಡದೆ ಯೋಚಿಸುತ್ತಿದ್ದಾಗ ಹೆಂಡತಿ ಶಾಮಲಮ್ಮ ದಾರಿ ಹೇಳಿದರು. ಪಟ್ಟಿ ಕಟ್ಟಿದ ದಿನದಿಂದ ಅವರಿಗೆ ಗಂಡನ ಮೇಲೆ ಸಿಟ್ಟು. ಕೋತಿಗೆ ಗಂಗಿ ಎಂದು ಹೆಸರಿಟ್ಟದ್ದೂ ಅವರೇ. ಗಂಡನನ್ನು ಹಂಗಿಸಲು ‘ನಿನ್ ಮಗಳು’ ಎಂದೇ ಕರೆಯುತ್ತಿದ್ದರು.

“ಕೋತಿಗೆ ಹೆಂಗಸರ ಭಯ ಎಲ್ಲೈತಯ್ಯ? ಬಾವಿ ಹತ್ರ ನಮ್ಮ ಮಡಿಲಿಗೇ ಕೈ ಹಾಕ್ತಾವೆ. ನಾನು ಹೋಗ್ತೀನಿ.”

“ನೀನಾ? ಆ ಗುಂಡು ಹತ್ತೋಕೆ ನಿನ್ ಕೈಲಾಗ್ತೈತೇನಮ್ಮೀ?”

“ನಿನ್ ಸೊಟ್ಟ ಕಾಲಿಗೆ ಆಗ್ತೈತಲ್ಲ, ನನಗಾಗಲ್ವಾ? ಮುದ್ದೆ ತಿನ್ನು, ಆರೋಯ್ತದೆ.”

ಹಾಗೆ ಶುರುವಾಯಿತು ಈ ಜೋಡಿ ಕೆಲಸ. ದಿನಾ ಬೆಳಗ್ಗೆ ಗಂಗುಲಪ್ಪ ಬುಡದಲ್ಲಿ ಮರದ ಮರೆಗೆ ನಿಂತು ಮುಳ್ಳು ತಿರುಗಿಸುತ್ತಾರೆ. ಗಂಗಿ ಯಾವ ಮಗ್ಗುಲಿಗಿದೆಯೋ ಆ ಕಡೆಗೆ ಟವೆಲ್ಲು ಬೀಸುತ್ತಾರೆ. ಮೇಲೆ ಶಾಮಲಮ್ಮ ಅದನ್ನು ನೋಡಿಕೊಂಡು ಬಂಡೆ ಹಿಡಿದು ಹತ್ತಿ, ಮಡಿಲಲ್ಲಿ ನೆನೆಸಿದ ಕಡಲೆಕಾಯಿ ಬೀಜ ಇಟ್ಟುಕೊಂಡು ಕೂರುತ್ತಾರೆ. ಸ್ಪ್ಯಾನರು ಸೆರಗಿನ ತುದಿಯಲ್ಲಿ. ಮೊದಮೊದಲು ಗಂಗಿ ದೂರದಿಂದ ನೋಡಿ ಹೋಯಿತು. ಆಮೇಲೆ ಬೀಜ ಎಸೆದರೆ ಆರಿಸಿಕೊಂಡಿತು. ಆಮೇಲೆ ಪಕ್ಕದಲ್ಲಿ ಕೂತಿತು. ಬೀಜ ಅಗಿಯುತ್ತದೆ, ನುಂಗಲು ಕತ್ತನ್ನು ಮುಂದಕ್ಕೆ ಚಾಚಿ ಒದ್ದಾಡುತ್ತದೆ. ಶಾಮಲಮ್ಮ ತಾವೇ ಅರೆದು ಉಂಡೆ ಕಟ್ಟಿ ಒಯ್ಯತೊಡಗಿದರು.

“ಹತ್ರ ಬಂದ್ರೆ ಕೀವಿನ ವಾಸ್ನೆ. ನಾನು ಮಾತಾಡ್ತಾನೇ ಇರ್ತೀನಿ,” ಎನ್ನುತ್ತಾರೆ ಅವರು. “ಬಾರವ್ವ, ನನ್ ಗಂಡ ಕಟ್ಟಿರೋ ತಾಳಿ, ನಾನೇ ಬಿಚ್ತೀನಿ ಬಾ, ಅಂತೀನಿ. ಅದಕ್ಕೇನ್ ಅರ್ಥ ಆಗ್ತೈತೋ.”

ಮೇ ಮುಗಿಯುವ ಹೊತ್ತಿಗೆ ಗಂಗಿ ಕೊರಳು ಮುಟ್ಟಿಸಿಕೊಂಡಿತು. ಹಲ್ಲು ಕಿರಿಯಿತು, ಆದರೆ ಓಡಲಿಲ್ಲ. ಮಾರನೆಯ ದಿನ ಶಾಮಲಮ್ಮನವರ ಬೆರಳು ಗಲ್ಲದ ಕೆಳಗಿನ ನಟ್ಟನ್ನು ತಡಕಿ ಹಿಡಿಯಿತು. ಇನ್ನೊಂದು ಕೈ ಸೆರಗಿನ ಗಂಟಿಗೆ ಹೋಯಿತು.

ಅಷ್ಟರಲ್ಲಿ ಕೆಳಗಿನ ತೋಪಿನಲ್ಲಿ ಪಟಾಕಿ ಸಿಡಿದವು.

ಬೇನಿಷಾ ಮಾವಿನ ಕೊಯ್ಲಿನ ಕಾಲ. ಕೋತಿ ಓಡಿಸಬೇಕಾದ ಆಳು ಆಂಟೆನಾ ಹಿಡಿದು ನಿಂತಿದ್ದರೆ ಸಾಹುಕಾರರು ಸುಮ್ಮನಿರುತ್ತಾರೆಯೇ? ಕೋದಂಡರಾಮಪ್ಪ ಬೇರೆ ಇಬ್ಬರ ಕೈಗೆ ಪಟಾಕಿಯ ಸರ ಕೊಟ್ಟಿದ್ದರು. ಬೆಟ್ಟವೆಲ್ಲ ಗುಡುಗಿತು. ಗಂಗಿ ಮರಿಯನ್ನು ಅವಚಿಕೊಂಡು ಹಾರಿತು. ಹಾರುವಾಗ ಶಾಮಲಮ್ಮನವರ ಮುಂಗೈ ಸಿಗಿದುಹೋಯಿತು. ಹಿಂಡಿಗೆ ಹಿಂಡೇ ನೆತ್ತಿ ದಾಟಿ ಆಚೆ ಇಳಿಯಿತು.

ಗಂಗುಲಪ್ಪ ಓಡಿಹೋಗಿ, ಪಟಾಕಿ ನಿಲ್ಲಿಸಿ ಎಂದು ಕೈ ಮುಗಿದರೆ, ಕೋದಂಡರಾಮಪ್ಪ ಆಳುಗಳ ಕಡೆ ತಿರುಗಿ, “ನೋಡ್ರಯ್ಯ, ಕೋತಿ ಓಡ್ಸು ಅಂತ ಇಟ್ಕೊಂಡ್ರೆ ಕೋತಿ ಸಾಕ್ತಾ ಅವ್ನೆ,” ಎಂದರು. ಎಲ್ಲರೂ ನಕ್ಕರು. ಆ ದಿನ ಗಂಗುಲಪ್ಪನವರಿಗೆ ನಗು ಬರಲಿಲ್ಲ.

ಆಮೇಲೆ ಗಂಗಿ ಬಂಡೆಯ ಬಳಿ ಬರಲೇ ಇಲ್ಲ. ಪೆಟ್ಟಿಗೆಯೊಳಗಿನ ಸದ್ದು ದಿನದಿನಕ್ಕೆ ನೂಲಿನಂತಾಯಿತು. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರೆ ಉಂಟು, ಗಾಳಿ ಬೀಸಿದರೆ ಇಲ್ಲ. ಜೂನ್ ಮೊದಲಲ್ಲಿ ಒಂದು ಬೆಳಗ್ಗೆ ಬೆಟ್ಟದ ಆಚೆ ಮಗ್ಗುಲಲ್ಲಿ ಸಿಕ್ಕಿತು. ಮಧ್ಯಾಹ್ನವೂ ಅಲ್ಲೇ. ಮಾರನೆಯ ಬೆಳಗ್ಗೆಯೂ ಅಲ್ಲೇ. ಹಿಂಡು ಹಾಗೆ ಒಂದೇ ಕಡೆ ಕೂರುವುದಿಲ್ಲ. ಗಂಗುಲಪ್ಪ ಪೆಟ್ಟಿಗೆಯನ್ನು ಕಳಚಿ ಹೆಂಡತಿಯ ಕಡೆ ನೋಡಿದರು. ಇಬ್ಬರೂ ಹತ್ತಿದರು.

ಎರಡು ಗುಂಡುಗಳ ನಡುವಿನ ಬಿರುಕಿನಲ್ಲಿ, ನೆರಳಿನಲ್ಲಿ, ಗಂಗಿ ಮಗ್ಗುಲಾಗಿ ಮಲಗಿತ್ತು. ಮರಿ ಅದರ ಎದೆಯನ್ನು ಇನ್ನೂ ಕಚ್ಚಿಕೊಂಡಿತ್ತು. ಮನುಷ್ಯರನ್ನು ಕಂಡು ಕಿರುಚಿತು. ಮೇಲಿನಿಂದ ಇನ್ನೊಂದು ಹೆಣ್ಣು ಕೋತಿ ಸರ್ರನೆ ಇಳಿದು ಬಂದು, ಮರಿಯನ್ನು ಕಿತ್ತು ಹೊಟ್ಟೆಗೆ ಹಾಕಿಕೊಂಡು ಹಿಂಡಿನೊಳಗೆ ಮಾಯವಾಯಿತು.

ಗಂಗುಲಪ್ಪ ಕೂತರು. ಹೆಂಡತಿಯ ಸೆರಗಿನಿಂದ ಸ್ಪ್ಯಾನರು ಬಿಚ್ಚಿಕೊಂಡರು. ತುಕ್ಕು ಹಿಡಿದಿರುತ್ತದೆ, ಕಷ್ಟವಾಗುತ್ತದೆ ಎಂದೇ ಇಷ್ಟು ದಿನ ಹೆದರಿದ್ದರು. ನಟ್ಟು ಸಲೀಸಾಗಿ ತಿರುಗಿತು.

“ನಮ್ಮಲ್ಲಿ ಸತ್ತೋರ ಉಡಿದಾರಾನೂ ಬಿಚ್ಚೇ ಕಳಿಸೋದು ಸ್ವಾಮಿ,” ಎನ್ನುತ್ತಾರೆ ಅವರು. “ಬಂದಂಗೇ ಹೋಗ್ಬೇಕು, ಮೈಮೇಲೆ ಒಂದು ನೂಲೂ ಇರಬಾರ್ದು. ಇದ್ದಾಗ ಬಿಚ್ಚೋಕಾಗಲಿಲ್ಲ. ಹೋದಾಗ ಬಿಚ್ಚಿದೆ.”

ಹೆಗಲ ಕಂಬಳಿಯಲ್ಲಿ ಸುತ್ತಿ ಇಳಿಸಿಕೊಂಡು ಬರುವಷ್ಟರಲ್ಲಿ ಸುದ್ದಿ ಊರು ಮುಟ್ಟಿತ್ತು. ತಮಟೆ ಬಂತು. ಹೂವಿನ ಹಾರ ಬಂತು. ಅರಿಸಿನ, ಕುಂಕುಮ, ತೆಂಗಿನಕಾಯಿ ಬಂದವು. ಊರಿನಲ್ಲಿ ಕೋತಿ ಸತ್ತರೆ ಮನುಷ್ಯರಂತೆ ಮೆರವಣಿಗೆ ಮಾಡಿ ಮಣ್ಣು ಮಾಡುವುದು ವಾಡಿಕೆ. ವೆಂಕಟರಾಯಪ್ಪ ಮುಂದೆ ಬಂದು, “ಸ್ವಾಮಿ ದೇಹ ಬಿಟ್ಟವ್ನೆ, ಎಲ್ರೂ ಕೈ ಮುಗೀರಿ,” ಎಂದು ಹಾರ ಹಾಕಲು ಬಗ್ಗಿದರು.

ಶಾಮಲಮ್ಮ ಅವರ ಕೈ ತಡೆದರು. ಆ ಊರಿನಲ್ಲಿ ಹೆಂಗಸೊಬ್ಬಳು ಹಿರಿಯರ ಕೈ ತಡೆದದ್ದನ್ನು ಯಾರೂ ಕಂಡಿರಲಿಲ್ಲ.

“ಪಟ್ಟಿ ಕಟ್ಟೋವಾಗ ಹೆಣ್ಣು ಅಂದ್ರಿ, ದೋಷ ಇಲ್ಲ ಅಂದ್ರಿ. ಮಣ್ಣು ಮಾಡೋವಾಗ ಸ್ವಾಮಿ ಆಗೋದ್ಲಾ? ಏನ್ ದೊಡ್ಡೋರಪ್ಪಾ ನೀವು! ಅದರ ಕತ್ತಿಗೆ ಇನ್ನೇನೂ ಹಾಕ್ಬೇಡಿ. ಹೂವಾನೂ ಬೇಡ.”

ತಮಟೆ ನಿಂತಿತು. ವೆಂಕಟರಾಯಪ್ಪ ಹಾರವನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ಅರಿಸಿನದ ನೀರು ಚಿಮುಕಿಸಿ, ಬೆಟ್ಟದ ಬುಡದಲ್ಲೇ ಗುಂಡಿ ತೋಡಿ, ಬರಿ ಕೊರಳಿನ ಗಂಗಿಯನ್ನು ಮಣ್ಣು ಮಾಡಿದರು. ಈಗ ಅಲ್ಲೊಂದು ಗುಡಿ ಕಟ್ಟುವ ಮಾತು ಊರಿನಲ್ಲಿ ನಡೆದಿದೆ. ಕಟ್ಟುತ್ತಾರೆ. ಬದುಕಿದ್ದವರ ನೋವಿಗೆ ಆಗದ ಊರು ಸತ್ತವರ ಗುಡಿಗೆ ಎಂದೂ ಹಿಂದೆ ಬಿದ್ದಿಲ್ಲ.

ಬಿಚ್ಚಿದ ಪಟ್ಟಿಯನ್ನು ಗಂಗುಲಪ್ಪ ಮನೆಯ ಸೂರಿಗೆ ಸಿಕ್ಕಿಸಿದ್ದಾರೆ. ಅದರ ಸದ್ದು ಯಾವತ್ತು ನಿಂತಿತೋ ಅವರಿಗೆ ಗೊತ್ತಿಲ್ಲ, ಕಿವಿಗೊಟ್ಟು ನೋಡಲಿಲ್ಲ. ಪೆಟ್ಟಿಗೆಯನ್ನು ಮಾಲೂರಿಗೆ ಒಯ್ದು ಮುನಿಶಾಮಿಗೆ ಕೊಟ್ಟರು, ಒಳಗಿನ ಸಾಮಾನು ಯಾವುದಾದರೂ ರೇಡಿಯೋಗೆ ಆಗಬಹುದೆಂದು. ಈಚೆಗೆ ಇನ್ಯಾರೋ ಕೊಂಡಮನಿಷಿಯನ್ನು ಕಂಡೆವೆಂದು ಹೇಳಿಕೊಂಡು ಬಂದಿದ್ದರಂತೆ. ಎಲ್ಲಿ ಎಂದು ಗಂಗುಲಪ್ಪ ಕೇಳಲಿಲ್ಲ.

ನೀಲಂ ಮಾವಿನ ಕೊಯ್ಲು ಇನ್ನೂ ಉಳಿದಿದೆ. ಕೋದಂಡರಾಮಪ್ಪ ಬೈದುಕೊಂಡೇ ಅವರನ್ನು ಮತ್ತೆ ಕೆಲಸಕ್ಕೆ ಕರೆದುಕೊಂಡಿದ್ದಾರೆ. ಬೆಳಗಾದರೆ ಹಿಂಡು ಬೆಟ್ಟದಿಂದ ಇಳಿಯುತ್ತದೆ. ಗಂಗುಲಪ್ಪ ಮರದ ಕೆಳಗೆ ನಿಂತು ತಗಡು ಬಡಿಯುತ್ತಾರೆ, ಕೂಗುತ್ತಾರೆ, ಟವೆಲ್ಲು ಬೀಸುತ್ತಾರೆ. ಎಳೆಯ ಕೋತಿಗಳು ಇದಕ್ಕೆಲ್ಲ ಬಗ್ಗುವುದಿಲ್ಲ. ಕಾಯಿ ಕಚ್ಚಿ ಇವರ ತಲೆಯ ಮೇಲೇ ಎಸೆಯುತ್ತವೆ. “ಒಂದು ಕಲ್ಲು ಬೀಸೋಕೇನಯ್ಯಾ ನಿಂಗೆ ಬರಬಾರದ್ದು ಬಂದಿರೋದು?” ಎಂದು ಸಾಹುಕಾರರು ಗದರುತ್ತಾರೆ. ಇವರು ತಲೆ ತಗ್ಗಿಸಿ ಮತ್ತೆ ತಗಡನ್ನೇ ಬಡಿಯುತ್ತಾರೆ.

ಯಾಕೆಂದು ಕೇಳಿದರೆ ಮರದಲ್ಲಿರುವ ಹಿಂಡಿನ ಕಡೆ ಕೈ ತೋರಿಸುತ್ತಾರೆ.

“ಅದರ ಮರಿ ಇದ್ರಲ್ಲೇ ಐತೆ ಸ್ವಾಮಿ. ಯಾವ್ದು ಅಂತ ನನಗೆ ಗೊತ್ತಾಗಲ್ಲ. ಅದಕ್ಕೇ ಯಾವ್ದಕ್ಕೂ ಹೊಡಿಯಲ್ಲ.”